ಆನ್‌ಲೈನ್ ಸಮುದಾಯದ ವಿಚಾರಣೆಗೆ ಪ್ರಾಸಿಕ್ಯೂಟರ್, ಜ್ಯೂರಿ ಎಲ್ಲಿಂದ ಬರ್ತಾರೆ?

ನಿಮ್ಮ ಪ್ರಶ್ನೆ, ಆನ್‌ಲೈನ್ ಗುಂಪಿನಲ್ಲಿ ಯಾರ ಮೇಲಾದರೂ ದೂರು ಬಂದು ವಿಚಾರಣೆ ನಡೆಸುವಾಗ ಪ್ರಾಸಿಕ್ಯೂಟರ್ (ಆರೋಪ ಮಂಡಿಸುವವರು) ಯಾರಾಗ್ತಾರೆ, ಜ್ಯೂರಿಯನ್ನು (ಕೇಳಿ ತೀರ್ಪು ಕೊಡುವ ಸಾಮಾನ್ಯ ಸದಸ್ಯರ ತಂಡವನ್ನು) ಹೇಗೆ ಆರಿಸ್ತಾರೆ ಅಂತ, ಅಲ್ವಾ?

ಹೆಚ್ಚಿನ ಕಡೆ ಪ್ರಾಸಿಕ್ಯೂಟರ್ ಅಂತ ಯಾರೂ ಇರುವುದೇ ಇಲ್ಲ. ದೂರು ಕೊಟ್ಟವರು ಸಾಕ್ಷ್ಯ ತಂದಿಡಬೇಕು, ದೂರು ಯಾರ ಮೇಲೋ ಅವರು ಉತ್ತರ ಕೊಡಬೇಕು, ಅಷ್ಟೇ. ಇಂಗ್ಲಿಷ್ ವಿಕಿಪೀಡಿಯದ ಆರ್ಬಿಟ್ರೇಷನ್ ಕಮಿಟಿ (ಅಲ್ಲಿ ಬರೆಯುವ ಸಂಪಾದಕರ ಜಗಳ ಬಗೆಹರಿಸುವ ಸಮಿತಿ) 2004ರಿಂದ ಹೀಗೇ ಕೇಸು ನಡೆಸುತ್ತಿದೆ. ಸದಸ್ಯರನ್ನು ಪ್ರತಿ ವರ್ಷ ಸಂಪಾದಕರೇ ಮತ ಹಾಕಿ ಆರಿಸುತ್ತಾರೆ. ಹಾಗಾಗಿ ಅವರು ಜ್ಯೂರಿಗಿಂತ ಜಡ್ಜ್‌ಗಳಿದ್ದ ಹಾಗೆ.

ಜ್ಯೂರಿಗೆ ಹತ್ತಿರದ ಉದಾಹರಣೆ ಬೇಕು ಅಂದ್ರೆ ಕೌಂಟರ್ ಸ್ಟ್ರೈಕ್ ಅನ್ನುವ ಆನ್‌ಲೈನ್ ಶೂಟಿಂಗ್ ಆಟ ನೋಡಿ. 2013ರಲ್ಲಿ ಅದಕ್ಕೆ ಓವರ್‌ವಾಚ್ ಅಂತ ಒಂದು ವ್ಯವಸ್ಥೆ ಬಂತು. ಮೋಸದ ದೂರು ಬಂದ ಆಟಗಾರನ ಪಂದ್ಯದ ಒಂದು ತುಣುಕನ್ನು ಅನುಭವಿ ಆಟಗಾರರಿಗೆ ತೋರಿಸುತ್ತಿದ್ದರು. ನೋಡುವವರಿಗೆ ಅವನ ಹೆಸರು ಗೊತ್ತಾಗುತ್ತಿರಲಿಲ್ಲ, 'ಸಸ್ಪೆಕ್ಟ್' ಅಂತಷ್ಟೇ ಕಾಣುತ್ತಿತ್ತು. ಗುರಿ ಇಡಲು ಸಾಫ್ಟ್‌ವೇರ್ ಬಳಸಿದ್ದಾನಾ, ಗೋಡೆ ಆಚೆ ಇರುವವರು ಅವನಿಗೆ ಕಾಣುತ್ತಿದ್ದಾರಾ ಅಂತ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಡಬೇಕಿತ್ತು. ಹೆಸರು ಮುಚ್ಚಿದ್ದು ನನ್ನ ಪ್ರಕಾರ ಅದರ ದೊಡ್ಡ ಜಾಣತನ. ಗೆಳೆಯನೋ ಶತ್ರುವೋ ಗೊತ್ತಿಲ್ಲದಿದ್ದರೆ ಆಟ ಮಾತ್ರ ನೋಡ್ತೀವಿ.

ಆನ್‌ಲೈನ್ ವ್ಯಾಜ್ಯಗಳಿಗೆ ತೀರ್ಪು ಕೊಡಿಸುವ ಕ್ಲೆರೋಸ್ ಅನ್ನುವ ಬ್ಲಾಕ್‌ಚೈನ್ (ಕ್ರಿಪ್ಟೋ ಹಣದ ಹಿಂದಿರುವ ತಂತ್ರಜ್ಞಾನ) ವೇದಿಕೆಯ ದಾರಿ ಬೇರೆ. ಜ್ಯೂರಿ ಆಗಬೇಕಾದವರು ಟೋಕನ್ (ಆ ವೇದಿಕೆಯ ಡಿಜಿಟಲ್ ನಾಣ್ಯ) ಅಡ ಇಡಬೇಕು. ಆಯ್ಕೆ ಲಾಟರಿಯಲ್ಲೇ ಆದರೂ ಜಾಸ್ತಿ ಇಟ್ಟವರಿಗೆ ಅವಕಾಶ ಜಾಸ್ತಿ, ಬಹುಮತದ ವಿರುದ್ಧ ಮತ ಹಾಕಿದವರಿಗೆ ಅಡ ಇಟ್ಟದ್ದರಲ್ಲಿ ಸ್ವಲ್ಪ ಖೋತಾ. ನನಗೆ ಇದು ಅಷ್ಟು ಹಿಡಿಸಲ್ಲ, ಯಾಕಂದ್ರೆ ಸರಿ ಯಾವುದು ಅನ್ನುವುದಕ್ಕಿಂತ ಉಳಿದವರು ಏನು ಹೇಳಬಹುದು ಅಂತ ಊಹಿಸುವುದೇ ಲಾಭ ಅನಿಸಿಬಿಡುತ್ತದೆ.

ನಿಮ್ಮದು ಚಿಕ್ಕ ಗುಂಪಾದರೆ 'ಜ್ಯೂರಿಗೆ ಯಾರು ಬರ್ತೀರಿ' ಅಂತ ಕೇಳಲೇಬೇಡಿ. ಕೇಳಿದ ತಕ್ಷಣ ಕೈ ಎತ್ತುವವರು ಆಗಲೇ ಒಂದು ಪಕ್ಷ ಹಿಡಿದಿರುತ್ತಾರೆ. ಅದರ ಬದಲು ದೂರು ಬರುವ ಮೊದಲೇ ಸದಸ್ಯರಾಗಿದ್ದು, ಆಗಾಗ ಬರೆಯುತ್ತಿರುವವರ ಪಟ್ಟಿ ಮಾಡಿ. ದೂರು ಬಂದ ಮೇಲೆ ಸೇರಿದವರನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ಇಬ್ಬರ ಕಡೆಯವರೂ ಹೊಸ ಖಾತೆ ತೆರೆದು ಬಂದು ಕೂರುತ್ತಾರೆ. ಪಟ್ಟಿಗೆ ನಂಬರ್ ಹಾಕಿ ಎಲ್ಲರಿಗೂ ಕಾಣುವಂತೆ ಇಡಿ, ಆಮೇಲೆ ಎಲ್ಲರೆದುರೇ ಚೀಟಿ ಎತ್ತಿ. ಬೆಸ ಸಂಖ್ಯೆಯಲ್ಲಿ ಆರಿಸಿ, ಜೊತೆಗೆ ಒಂದಿಬ್ಬರು ಹೆಚ್ಚುವರಿ ಇರಲಿ, ಅರ್ಧದಲ್ಲೇ ಮಾಯವಾಗುವವರು ಇದ್ದೇ ಇರ್ತಾರೆ. ಎರಡೂ ಕಡೆಯವರಿಗೆ ಒಬ್ಬೊಬ್ಬರನ್ನು ಬೇಡ ಅನ್ನುವ ಹಕ್ಕು ಕೊಡಿ. ಕಾರಣ ಕೇಳಬೇಡಿ, ಕೇಳಿದರೆ ಅದೇ ಇನ್ನೊಂದು ಜಗಳ.

ಪ್ರಾಸಿಕ್ಯೂಟರ್ ಬೇಕೇ ಬೇಕು ಅಂದ್ರೆ ದೂರು ಕೊಟ್ಟವರನ್ನಾಗಲಿ, ಆರೋಪಿಯನ್ನು ಮೊದಲು ಬ್ಯಾನ್ ಮಾಡಿದ (ಗುಂಪಿನಿಂದ ಹೊರಹಾಕಿದ) ಮಾಡರೇಟರನ್ನಾಗಲಿ, ಅಂದ್ರೆ ಗುಂಪು ನೋಡಿಕೊಳ್ಳುವವರನ್ನಾಗಲಿ, ಕೂರಿಸಬೇಡಿ. ನಾನೂ ಮಾಡರೇಟರ್ ಆಗಿದ್ದವನು. ನಾವು ಮಾಡಿದ ಬ್ಯಾನ್ ಸರಿ ಅಂತ ತೋರಿಸುವ ಚಪಲ ಸುಲಭಕ್ಕೆ ಹೋಗಲ್ಲ. ಆ ಕೇಸಿಗೆ ಸಂಬಂಧ ಇಲ್ಲದ ಮೂರ್ನಾಲ್ಕು ಜನ ಸರದಿ ಪ್ರಕಾರ ಈ ಕೆಲಸ ಮಾಡಲಿ. ಆರೋಪ ಬಲಪಡಿಸುವ ಸ್ಕ್ರೀನ್‌ಶಾಟ್ ಅಷ್ಟೇ ಅಲ್ಲ, ಆರೋಪಿಗೆ ಅನುಕೂಲವಾಗುವುದನ್ನೂ ಅವರು ಜ್ಯೂರಿ ಮುಂದೆ ಇಡಲೇಬೇಕು ಅಂತ ಮೊದಲೇ ಬರೆದಿಡಿ. ಯಾರೂ ಒಪ್ಪದಿದ್ದರೆ ಆ ಹುದ್ದೆಯನ್ನೇ ಬಿಟ್ಟು, ದೂರನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಸಾಕು.