ಮಳೆಗಾಲಕ್ಕೆ ಮುನ್ನ ಪಾರ್ಕಿನ ಮರಗಳ ತಲೆ ಕಡಿಸಬೇಕೇ? – ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಬೇಸಿಗೆಯ ಕಾವು ಏರುತ್ತಿದ್ದಂತೆ ಒಂದೇ ಪ್ರಶ್ನೆ ಬೇರೆ ಬೇರೆ ಬಡಾವಣೆಗಳಿಂದ ಪ್ರತಿ ವರ್ಷ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಗರಗಸಗಳು ನಿಂತಿಲ್ಲವಾದ್ದರಿಂದ ಈ ಬಾರಿಯ ಅಂಕಣದ ಬಹುಪಾಲನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಪಾರ್ಕಿನ ಗುಲ್‌ಮೊಹರ್ ಮತ್ತು ಪೆಲ್ಟೋಫೋರಂ ಮರಗಳು ಬಹಳ ಎತ್ತರ ಬೆಳೆದಿವೆ. ಮೇ ತಿಂಗಳ ಕೊನೆಗೆ ತಲೆ ಕಡಿಸಿಬಿಟ್ಟರೆ ಮಳೆಗಾಲದಲ್ಲಿ ಬೀಳುವುದಿಲ್ಲ ಎಂದು ಗುತ್ತಿಗೆದಾರರು ಹೇಳುತ್ತಾರೆ. ಕಡಿಸಬಹುದೇ? – ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಕಡಿಸಬೇಡಿ. ತಲೆ ಕಡಿದ ಮರ ತನ್ನ ಎಲೆಗಳನ್ನು, ಅಂದರೆ ಆಹಾರ ತಯಾರಿಸುವ ಭಾಗವನ್ನು, ಒಂದೇ ದಿನದಲ್ಲಿ ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ತುಂಬಿಕೊಳ್ಳಲು ಅದು ಕಡಿದ ಜಾಗದ ಕೆಳಗಿನಿಂದ ಗೊಂಚಲು ಗೊಂಚಲಾಗಿ ನೀಳ ಚಿಗುರುಗಳನ್ನು ಹೊರಡಿಸುತ್ತದೆ. ಸಹಜವಾಗಿ ಬೆಳೆದ ಕೊಂಬೆಯ ಬುಡ ಕಾಂಡದ ಒಳಗಿನವರೆಗೂ ಹೆಣೆದುಕೊಂಡಿರುತ್ತದೆ. ಈ ಚಿಗುರುಗಳಾದರೋ ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ. ಕೆಲವೇ ವರ್ಷಗಳಲ್ಲಿ ಅವು ತೋಳಿನ ಗಾತ್ರಕ್ಕೆ ಬೆಳೆಯುವಷ್ಟರಲ್ಲಿ, ಕಡಿದ ಅಗಲವಾದ ಗಾಯದಿಂದ ನೀರು ಮತ್ತು ಶಿಲೀಂಧ್ರ ಇಳಿದು ಒಳಗಿನ ಮರ ಕೊಳೆಯತೊಡಗಿರುತ್ತದೆ. ಕೊಳೆತ ಬುಡದ ಮೇಲೆ ಭಾರವಾದ ಕೊಂಬೆಗಳು ನಿಂತಿರುವಾಗ ಗಾಳಿ ಬೀಸಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸುರಕ್ಷತೆಯ ಹೆಸರಿನಲ್ಲಿ ಮಾಡಿಸಿದ ಕೆಲಸವೇ ಅಪಾಯವನ್ನು ತಂದಿಟ್ಟಿರುತ್ತದೆ, ಅದನ್ನು ತೋರಿಸಿ ಗುತ್ತಿಗೆದಾರರು ಮತ್ತೆ ಕಡಿಯಲು ಬರುತ್ತಾರೆ.

ಮೇ ಕೊನೆ ಎಂಬ ಲೆಕ್ಕವೂ ತಪ್ಪು. ನೈಋತ್ಯ ಮುಂಗಾರು ಜೂನ್‌ನಲ್ಲಿ ಬರುವುದೇನೋ ನಿಜ, ಆದರೆ ಬೆಂಗಳೂರಿನಲ್ಲಿ ಮರಗಳನ್ನು ಹೆಚ್ಚಾಗಿ ಉರುಳಿಸುವುದು ಏಪ್ರಿಲ್–ಮೇ ತಿಂಗಳ ಗುಡುಗುಮಳೆಯ ಜೊತೆ ಬರುವ ಬಿರುಗಾಳಿ. ಆದ್ದರಿಂದ ಒಣಗಿದ, ಸೀಳಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಆರಿಸಿ ತೆಗೆಯುವ ಕೆಲಸ ಜನವರಿ–ಫೆಬ್ರವರಿಯಲ್ಲೇ ಮುಗಿಯಬೇಕು. ಗೂಡುಗಳಿರುವ ಕೊಂಬೆಯನ್ನು ಮುಟ್ಟಬಾರದು. ಕೊಂಬೆ ಕಡಿಯುವುದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಂಘದ ಸಭೆಯ ನಿರ್ಣಯ ಅದಕ್ಕೆ ಬದಲಿಯಲ್ಲ.

ಕಡಿಯಲೇಬೇಕಾದ ಕೊಂಬೆಗೆ ಮೂರು ಕೊಯ್ತ ಬೇಕು. ಮೊದಲನೆಯದು ಕಾಂಡದಿಂದ ಸುಮಾರು ಒಂದು ಅಡಿ ಆಚೆ, ಕೊಂಬೆಯ ಕೆಳಗಿನಿಂದ, ಮೂರನೇ ಒಂದು ಭಾಗದಷ್ಟು ಆಳಕ್ಕೆ. ಎರಡನೆಯದು ಅದಕ್ಕಿಂತ ತುಸು ಆಚೆ, ಮೇಲಿನಿಂದ. ಆಗ ಕೊಂಬೆಯ ಭಾರ ಬೀಳುವಾಗ ಕಾಂಡದ ತೊಗಟೆ ಸೀಳಿಕೊಂಡು ಹೋಗುವುದಿಲ್ಲ. ಕೊನೆಯದಾಗಿ ಉಳಿದ ಮೋಟನ್ನು ತೆಗೆಯಬೇಕು. ಕೊಂಬೆ ಕಾಂಡವನ್ನು ಸೇರುವಲ್ಲಿ ಬಳೆಯಂತೆ ಉಬ್ಬಿದ, ಸುಕ್ಕುಗಟ್ಟಿದ ಭಾಗವೊಂದು ಕಾಣುತ್ತದೆ. ಗಾಯವನ್ನು ಮುಚ್ಚುವ ಹೊಸ ಅಂಗಾಂಶ ಹುಟ್ಟುವುದು ಅಲ್ಲಿಂದಲೇ. ಗರಗಸ ಆ ಉಬ್ಬಿನ ಹೊರಗೆ ನಿಲ್ಲಬೇಕು, ಅದನ್ನು ಕೆತ್ತಬಾರದು, ಅದರಾಚೆ ಮೋಟನ್ನೂ ಬಿಡಬಾರದು. ಗಾಯಕ್ಕೆ ಟಾರು, ಬಣ್ಣ ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ.

ಇಷ್ಟಾದರೂ ಇದು ಮೇಲಿನ ಕೆಲಸ. ಎಲ್ಲರೂ ತಲೆಯೆತ್ತಿ ಕೊಂಬೆಗಳನ್ನು ನೋಡುತ್ತಾರೆ, ಬಗ್ಗಿ ಬುಡವನ್ನು ನೋಡುವವರು ಕಡಿಮೆ. ಬುಡಸಮೇತ ಉರುಳುವ ಮರ ಉರುಳುವುದು ಬೇರಿನ ತೊಂದರೆಯಿಂದ. ನೀರು, ಪೋಷಕಾಂಶ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನ ಎರಡು ಅಡಿಯೊಳಗೇ ಹರಡಿರುತ್ತವೆ. ವಾಕಿಂಗ್ ಪಥಕ್ಕೆಂದು, ಕೇಬಲ್ಲಿಗೆಂದು ಕಾಂಡದ ಪಕ್ಕದಲ್ಲೇ ಕಾಲುವೆ ತೋಡಿದಾಗ ಒಂದು ಬದಿಯ ಬೇರುಗಳೆಲ್ಲ ತುಂಡಾಗಿರುತ್ತವೆ. ಮೇಲೆ ಕಾಂಕ್ರೀಟು ಹಾಕಿ ಮುಚ್ಚಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಅಂತರದ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶಿಸಿತ್ತು. ನನ್ನ ಅಭಿಪ್ರಾಯದಲ್ಲಿ ದೊಡ್ಡ ಮಳೆಮರಕ್ಕೆ ಅದೂ ಸಾಲದು.

ನಾಳೆ ಬೆಳಿಗ್ಗೆ ಸಂಘದವರು ಪ್ರತಿ ಮರದ ಬುಡದಲ್ಲೂ ಕುಳಿತು ನೋಡಿ. ಕಾಂಡ ನೆಲ ಸೇರುವಲ್ಲಿ ಅಗಲವಾಗಿ ಹರಡದೆ ಕಂಬದಂತೆ ನೇರ ಇಳಿದಿದ್ದರೆ, ವರ್ಷ ವರ್ಷ ಸುರಿಸಿದ ಕೆಮ್ಮಣ್ಣು ಬುಡವನ್ನು ಹೂತಿದೆ ಎಂದರ್ಥ. ತೇವದ ಮಣ್ಣಿನಡಿ ತೊಗಟೆ ಕೊಳೆಯುತ್ತದೆ, ಹಾಗಾಗಿ ಆ ಮಣ್ಣನ್ನು ಸಲಿಕೆಯಿಂದಲ್ಲ, ಕೈಯಿಂದ ಬಿಡಿಸಿ ತೆಗೆಸಿ. ಬುಡದಲ್ಲಿ ಹಲಗೆಯಂತಹ ಗಟ್ಟಿ ಅಣಬೆ ಕಂಡರೆ, ಇತ್ತೀಚೆಗಷ್ಟೇ ವಾಲಿದ ಮರದ ಹಿಂಬದಿಯ ನೆಲ ಬಿರುಕು ಬಿಟ್ಟಿದ್ದರೆ, ಆ ಜಾಗಕ್ಕೆ ಮಕ್ಕಳನ್ನು ಬಿಡದೆ ಅದೇ ದಿನ ಅರಣ್ಯ ವಿಭಾಗಕ್ಕೆ ತಿಳಿಸಿ. ಅಂತಹ ಮರ ತೆಗೆಯಬೇಕಾಗಿ ಬಂದರೆ ನಾನು ಅಡ್ಡ ಬರುವುದಿಲ್ಲ.

ಪ್ರಶ್ನೆ: ಕಾಂಡಕ್ಕೆ ಸುಣ್ಣ, ಕೆಮ್ಮಣ್ಣು ಬಳಿದರೆ ಗೆದ್ದಲು ಹೋಗುತ್ತದೆಯೇ?

ಇಲ್ಲ. ತೊಗಟೆಯ ಮೇಲೆ ಕಾಣುವ ಗೆದ್ದಲು ಸಾಮಾನ್ಯವಾಗಿ ಸತ್ತ ತೊಗಟೆಯನ್ನು ತಿನ್ನುತ್ತದೆ. ಪೊರಕೆಯಿಂದ ಗುಡಿಸಿದರೆ ಸಾಕು.

ಪ್ರಶ್ನೆ: ಪೊಟರೆಗೆ ಸಿಮೆಂಟು ತುಂಬಿಸಬಹುದೇ? ಕಾಂಡಕ್ಕೆ ತೂತು ಕೊರೆದು ‘ಟಾನಿಕ್’ ಹಾಕುತ್ತೇವೆ ಎಂದು ಒಬ್ಬರು ಬಂದಿದ್ದಾರೆ.

ಎರಡೂ ಬೇಡ. ಮರ ಗಾಳಿಗೆ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ. ನಡುವಿನ ಸಂದಿನಲ್ಲಿ ನೀರು ನಿಂತು ಕೊಳೆತ ಹೆಚ್ಚುತ್ತದೆ. ಸೀಸೆಯಲ್ಲಿ ಏನಿದೆಯೆಂದು ಹೇಳದೆ ಮರಕ್ಕೆ ತೂತು ಕೊರೆಯುವವರನ್ನು ಪಾರ್ಕಿನ ಗೇಟಿನೊಳಗೇ ಬಿಡಬೇಡಿ.

ಪ್ರಶ್ನೆ: ಮಾರ್ಚ್‌ನಲ್ಲಿ ಹುಲ್ಲುಹಾಸು ಹಳದಿಯಾಗುತ್ತದೆ. ದಿನಕ್ಕೆರಡು ಬಾರಿ ನೀರು ಹಾಯಿಸಬೇಕೇ?

ಬೇಡ. ಹುಲ್ಲನ್ನು ತುಸು ಎತ್ತರಕ್ಕೆ ಬಿಟ್ಟು ಕತ್ತರಿಸಿ, ಎರಡು ಮೂರು ದಿನಕ್ಕೊಮ್ಮೆ ನಸುಕಿನಲ್ಲಿ ಆಳಕ್ಕೆ ಇಳಿಯುವಂತೆ ನೀರು ಕೊಡಿ.

ಪ್ರಶ್ನೆ: ಉದುರಿದ ಎಲೆಯ ರಾಶಿ ಸುಡದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ ಮಾಲಿಗಳು.

ಸುಡುವುದು ಕಾನೂನಿಗೂ ವಿರುದ್ಧ, ಮಣ್ಣಿಗೂ ನಷ್ಟ. ಪಾರ್ಕಿನ ಮೂಲೆಯಲ್ಲಿ ಎರಡು ಗುಂಡಿ ಮಾಡಿಸಿ, ಎಲೆಯ ಪದರದ ಮೇಲೆ ಸಗಣಿ ನೀರು ಚಿಮುಕಿಸಿ ತುಂಬುತ್ತಾ ಹೋಗಿ. ಒಂದು ತುಂಬಿದಾಗ ಇನ್ನೊಂದನ್ನು ಬಳಸಿ. ಗುಂಡಿಗೆ ಹಿಡಿಯದಷ್ಟು ಎಲೆಯನ್ನು ಮರಗಳ ಕೆಳಗೇ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ.