ಸಿಲಿಂಡರ್‌ಗೆ ಏರಿದ್ದು ನೂರು, ಮನೆಯಲ್ಲಿ ಸಾಲದೆ ಬಂದದ್ದು ಸಾವಿರ

ಪ್ರಶ್ನೆ: ನಾವು ಮನೆಯಲ್ಲಿ ನಾಲ್ಕು ಜನ. ನಮ್ಮ ಯಜಮಾನರು ದಿನಾ ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋಗಿಬರುತ್ತಾರೆ. ಗ್ಯಾಸ್, ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ನನಗೊಂದು ಗೊಂದಲ. ಸಿಲಿಂಡರ್‌ಗೆ ಏರುವುದು ನೂರು ರೂಪಾಯಿ, ತಿಂಗಳ ಕೊನೆಗೆ ಸಾಲದೆ ಬರುವುದು ಸಾವಿರ. ನನ್ನ ಲೆಕ್ಕ ಎಲ್ಲಿ ತಪ್ಪುತ್ತಿದೆ? ಯಾವ ಖರ್ಚು ಕಡಿಮೆ ಮಾಡಲಿ? – ಗೃಹಿಣಿ, ತುಮಕೂರು

ಉತ್ತರ: ನಿಮ್ಮ ಲೆಕ್ಕ ತಪ್ಪಿಲ್ಲ. ಆದರೆ ಇಂಧನದ ಬೆಲೆ ಮನೆಗೆ ಒಂದೇ ಬಾಗಿಲಿನಿಂದ ಬರುವುದಿಲ್ಲ.

2022ರ ಮಾರ್ಚ್ ನೆನಪಿಸಿಕೊಳ್ಳಿ. ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲ ದುಬಾರಿಯಾಗಿತ್ತು. ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ ನಮ್ಮಲ್ಲಿ ಪೆಟ್ರೋಲ್ ಲೀಟರ್‌ಗೆ ಸುಮಾರು 10 ರೂಪಾಯಿ ಏರಿತು. ತಿಂಗಳಿಗೆ 13 ಲೀಟರ್ ಹಾಕಿಸುವ ಸ್ಕೂಟರ್‌ಗೆ ಅದು 130 ರೂಪಾಯಿ. ಇದು ನಮ್ಮ ಕಣ್ಣಿಗೆ ಕಾಣುವ ಖರ್ಚು. ಅದೇ ದಿನಗಳಲ್ಲಿ ಡೀಸೆಲ್ ಕೂಡ ಏರಿತು. ಕೋಲಾರದ ಟೊಮೆಟೊ, ಅಂಗಡಿಯ ಅಕ್ಕಿ, ಬೇಳೆ, ಎಲ್ಲವೂ ಡೀಸೆಲ್ ಲಾರಿಯಲ್ಲೇ ಬರಬೇಕು. ಹೋಟೆಲ್‌ಗಳು ಬಳಸುವ 19 ಕೆಜಿ ಸಿಲಿಂಡರ್ ಆ ಮೇ ತಿಂಗಳಲ್ಲಿ ದೆಹಲಿಯಲ್ಲಿ 2,355 ರೂಪಾಯಿ ದಾಟಿತ್ತು. ಆಮೇಲೆ ಇಡ್ಲಿ, ಕಾಫಿ ಹಳೇ ಬೆಲೆಗೆ ಸಿಗುವುದು ಹೇಗೆ?

ಕೇಂದ್ರ ಸರ್ಕಾರದ 2022-23ರ ಮನೆಖರ್ಚಿನ ಸಮೀಕ್ಷೆ ನೋಡಿದರೆ ಇದು ಇನ್ನೂ ಸ್ಪಷ್ಟ. ಅಡುಗೆ ಇಂಧನ ಮತ್ತು ಕರೆಂಟಿಗೆ ಹೋಗುವುದು ನೂರು ರೂಪಾಯಿಯಲ್ಲಿ ಆರೋ ಏಳೋ ಮಾತ್ರ. ಆಹಾರಕ್ಕೆ ನಗರದಲ್ಲಿ ಸುಮಾರು 39, ಹಳ್ಳಿಯಲ್ಲಿ 46. ಗ್ಯಾಸ್ ಚೀಟಿಯಲ್ಲಿ ಕಾಣದ ಬಹುಪಾಲು ಏರಿಕೆ ತರಕಾರಿ ಚೀಲದಲ್ಲಿ ಕೂತು ಬರುತ್ತದೆ. ನಿಮ್ಮ ಸಾವಿರ ರೂಪಾಯಿಯಲ್ಲಿ ಹೆಚ್ಚಿನ ಪಾಲು ಅಲ್ಲೇ ಇರಬೇಕು.

ಈಗ ಕಡಿತದ ವಿಷಯ. ಅಡುಗೆ ನಿಲ್ಲಿಸಲು ಆಗುವುದಿಲ್ಲ, ಕೆಲಸಕ್ಕೆ ಹೋಗದೆ ಇರಲೂ ಆಗುವುದಿಲ್ಲ. ಹಾಗಾಗಿ ಬೆಲೆ ಏರಿದರೂ ಇಂಧನದ ಬಳಕೆ ಹೆಚ್ಚು ಇಳಿಯುವುದಿಲ್ಲ, ಬೇರೆ ಯಾವುದೋ ಖರ್ಚು ಇಳಿಯುತ್ತದೆ. ಮೊದಲು ಹೊರಗೆ ತಿನ್ನುವುದು, ಹೊಸ ಬಟ್ಟೆ, ಪ್ರವಾಸ. ಫ್ರಿಜ್ಜೋ ಬೈಕೋ ಕೊಳ್ಳುವ ಯೋಚನೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಇಲ್ಲಿಯವರೆಗೆ ಪರವಾಗಿಲ್ಲ. ನನಗೆ ಚಿಂತೆ ಇರುವುದು ಇದರ ಮುಂದಿನ ಹಂತದ ಬಗ್ಗೆ.

ಅಮೆರಿಕದಲ್ಲಿ ಜಸ್ಟೀನ್ ಹೇಸ್ಟಿಂಗ್ಸ್ ಮತ್ತು ಜೆಸ್ಸಿ ಶಪಿರೊ ಎಂಬ ಅರ್ಥಶಾಸ್ತ್ರಜ್ಞರು ಒಂದು ವಿಷಯ ಗಮನಿಸಿದರು. ಪೆಟ್ರೋಲ್ ಬೆಲೆ ಏರಿದಾಗ ಜನ ಪ್ರೀಮಿಯಂ ಪೆಟ್ರೋಲ್ ಬಿಟ್ಟು ಸಾಮಾನ್ಯ ಪೆಟ್ರೋಲ್‌ಗೆ ಬಂದರು. ಜೇಬಿಗೆ ಬಿದ್ದ ಹೊರೆಗೆ ಹೋಲಿಸಿದರೆ ಈ ಬದಲಾವಣೆ ತೀರಾ ಜಾಸ್ತಿ. 2008ರ ಕೊನೆಗೆ ಬೆಲೆ ಕುಸಿದಾಗ, ಆರ್ಥಿಕ ಹಿಂಜರಿತದ ನಡುವೆಯೂ ಪ್ರೀಮಿಯಂ ಕಡೆಗೆ ವಾಪಸ್ ಹೋದರು. ಪೆಟ್ರೋಲ್ ದುಡ್ಡು ಅವರ ಮನಸ್ಸಿನಲ್ಲಿ ಬೇರೆಯದೇ ಡಬ್ಬಿಯಲ್ಲಿತ್ತು.

ನಮ್ಮ ಸಾಸಿವೆ ಡಬ್ಬಿಯ ಕಥೆಯೂ ಇದೇ ಅಲ್ವಾ? ಗ್ಯಾಸ್ ದುಡ್ಡು ಅಡುಗೆಮನೆಯ ದುಡ್ಡು. ಅದು ಏರಿದರೆ ಅಡುಗೆಮನೆಯಲ್ಲೇ ಕಡಿತ. ಅರ್ಧ ಲೀಟರ್ ಹಾಲು ಕಡಿಮೆ, ಸಾರಿಗೆ ಬೇಳೆ ಕಡಿಮೆ, ಹಣ್ಣು ಮಕ್ಕಳಿಗೆ ಮಾತ್ರ. ಮೊಬೈಲ್ ರೀಚಾರ್ಜ್ ಮತ್ತು ಓಟಿಟಿ ಬೇರೆ ಡಬ್ಬಿ, ಅದನ್ನು ಯಾರೂ ಮುಟ್ಟುವುದಿಲ್ಲ. ಕೊನೆಗೆ ಬಡಿಸುವವರ ತಟ್ಟೆಯಲ್ಲಿ ಪಲ್ಯ ಇರುವುದಿಲ್ಲ, ಅವರ ಮಂಡಿನೋವಿನ ಔಷಧಿ ಮುಂದಿನ ತಿಂಗಳಿಗೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸಂಜೆ ಯಜಮಾನರನ್ನೂ ಕೂರಿಸಿಕೊಂಡು ಮನೆಯ ಎಲ್ಲ ಖರ್ಚನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಕಡಿತ ಆ ಇಡೀ ಹಾಳೆಯಿಂದ ಬರಲಿ. ಹಾಲು, ಬೇಳೆ, ಮೊಟ್ಟೆ, ಔಷಧಿಗೆ ಮೊದಲೇ ಗೆರೆ ಹಾಕಿ, ಅವನ್ನು ಮುಟ್ಟಬೇಡಿ.

ಹಳ್ಳಿಗಳಲ್ಲಿ ಇದು ಇನ್ನೂ ಕಠಿಣ. ದೆಹಲಿಯಲ್ಲಿ 14.2 ಕೆಜಿ ಸಿಲಿಂಡರ್ 2020ರ ನವೆಂಬರ್‌ನಲ್ಲಿ 594 ರೂಪಾಯಿ ಇತ್ತು, 2023ರ ಮಾರ್ಚ್‌ಗೆ 1,103 ಆಯಿತು. ಅಂಥ ಹೊತ್ತಲ್ಲಿ ಗ್ಯಾಸ್ ಇರುವ ಬಡ ಮನೆಯಲ್ಲೂ ಸೌದೆ ಒಲೆ ಮತ್ತೆ ಉರಿಯುತ್ತದೆ. ಟೀಗೆ ಗ್ಯಾಸ್, ಮುದ್ದೆಗೆ ಸೌದೆ. ದುಡ್ಡು ಉಳಿಯುತ್ತದೆ, ಹೊಗೆ ಮಾತ್ರ ಹೆಂಗಸರ, ಮಕ್ಕಳ ಎದೆಗೆ ಹೋಗುತ್ತದೆ. ಆ ಖರ್ಚು ಯಾವ ಚೀಟಿಯಲ್ಲೂ ಬರುವುದಿಲ್ಲ.

ನಿಮಗೆ ಒಂದು ದಾರಿ ಇದೆ. ಒಂದು ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಿದರೆ ನನ್ನ ಲೆಕ್ಕದಲ್ಲಿ ಸುಮಾರು 120 ಯೂನಿಟ್ ಕರೆಂಟ್ ಬೇಕು. ಯೂನಿಟ್‌ಗೆ 6 ರೂಪಾಯಿ ಎಂದರೆ 720. ಸಿಲಿಂಡರ್ ಇದಕ್ಕಿಂತ ದುಬಾರಿ ಇದ್ದಾಗ ಅನ್ನ, ಬೇಳೆ, ಹಾಲು ಕಾಯಿಸುವುದನ್ನು ಇಂಡಕ್ಷನ್‌ಗೆ ಬದಲಾಯಿಸಿ. ಆದರೆ ಗೃಹಜ್ಯೋತಿ ಇರುವವರು ಹುಷಾರು. ಉಚಿತ ಸಿಗುವುದು ಸುಮ್ನೆ 200 ಯೂನಿಟ್ ಅಲ್ಲ. ಹಳೇ ಮನೆಗಳಿಗೆ 2022-23ರ ಸರಾಸರಿ ಬಳಕೆ, ಅದರ ಮೇಲೆ ಸಾಮಾನ್ಯವಾಗಿ 10% ಅಷ್ಟೇ. ಅದು ದಾಟಿದರೆ ಹೆಚ್ಚುವರಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮೊದಲು ಬಿಲ್ ತೆಗೆದು ನಿಮ್ಮ ಮಿತಿ ಎಷ್ಟಿದೆ, ಈಗ ಎಷ್ಟು ಬಳಸುತ್ತಿದ್ದೀರಿ ಎಂದು ನೋಡಿ, ಆಮೇಲೆ ಒಲೆ ಕೊಳ್ಳಿ.