ಬುದ್ಧಿ ಹಲ್ಲು ತೆಗೆಯುವ ಮೊದಲು ಸಿಬಿಸಿಟಿ ಸ್ಕ್ಯಾನ್ ಬೇಕಾ?

ಬಸವನಗುಡಿಯ ಕ್ಲಿನಿಕ್‌ನಲ್ಲಿ ಓಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ಆದ ಮೇಲೂ ಸಿಬಿಸಿಟಿ ಎಂಬ ದವಡೆಯ ಸಿಟಿ ಸ್ಕ್ಯಾನ್ ಮಾಡಿಸಿ ಅಂದರು, ಸುಮ್ನೆ ಖರ್ಚಾ ಎಂದು ಕೇಳಿದ್ದೀರಿ. ಎಲ್ಲರಿಗೂ ಅದು ಬೇಕಿಲ್ಲ. ಆದರೆ ಕೆಳದವಡೆಯ ಬುದ್ಧಿ ಹಲ್ಲಿನ ಬೇರು ನರದ ಮೇಲೆ ಬಿದ್ದಂತೆ ಕಂಡರೆ ಡಾಕ್ಟರ್ ಕೇಳುವುದು ಸರಿಯೇ.

ಆ ನರ ಇನ್ಫೀರಿಯರ್ ಆಲ್ವಿಯೋಲಾರ್. ದವಡೆ ಕಿವಿಯತ್ತ ಮೇಲೇರುವ ಭಾಗದ ಒಳಮೈಯಲ್ಲಿ ಒಂದು ತೂತಿದೆ, ಮ್ಯಾಂಡಿಬ್ಯುಲಾರ್ ಫೊರಾಮೆನ್. ಅಲ್ಲಿ ಒಳಹೊಕ್ಕ ನರ ಬೇರುಗಳ ಕೆಳಗೆ, ಮೂಳೆಯೊಳಗಿನ ಕಾಲುವೆಯಲ್ಲಿ ಸಾಗುತ್ತದೆ. ಕೋರೆಹಲ್ಲಿನ ಹಿಂದಿರುವ ಎರಡು ಹಲ್ಲುಗಳ ಹತ್ತಿರ, ಮೆಂಟಲ್ ಫೊರಾಮೆನ್ ಎಂಬ ತೂತಿನಿಂದ ಅದರ ಕವಲು ಹೊರಬರುತ್ತದೆ. ಕೆಳತುಟಿ, ಗದ್ದದ ಸ್ಪರ್ಶ ಇದರದ್ದೇ. ಪೆಟ್ಟಾದರೆ ಅಲ್ಲಿ ಜೋಮು ಹಿಡಿಯುತ್ತದೆ. ಸಾಮಾನ್ಯವಾಗಿ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ, ಅಪರೂಪಕ್ಕೆ ಹಾಗೇ ಉಳಿಯುತ್ತದೆ. ತುಟಿಯ ಚಲನೆಗೆ ತೊಂದರೆಯಿಲ್ಲ, ಅದನ್ನು ನೋಡಿಕೊಳ್ಳುವ ನರ ಬೇರೆ.

ಓಪಿಜಿ ಚಪ್ಪಟೆ ಚಿತ್ರ. ಬೇರು ಕಾಲುವೆಗೆ ತಾಗಿದೆಯೋ, ಬರೀ ಮುಂದೆ ಹಿಂದೆ ಇವೆಯೋ ಅದರಲ್ಲಿ ಗೊತ್ತಾಗಲ್ಲ ಅಲ್ವಾ? ಸಿಬಿಸಿಟಿ ಮೂರು ಆಯಾಮದಲ್ಲಿ ತೋರಿಸುತ್ತದೆ. ತೀರಾ ಹತ್ತಿರವಿದ್ದರೆ ಕೆಲವೊಮ್ಮೆ ಹಲ್ಲಿನ ತಲೆಭಾಗವನ್ನಷ್ಟೇ ಕತ್ತರಿಸಿ ಬೇರು ಬಿಡುತ್ತಾರೆ. ಇದಕ್ಕೆ ಕೊರೊನೆಕ್ಟಮಿ ಎನ್ನುತ್ತಾರೆ.

ನನಗೆ ಜಾಸ್ತಿ ಮುಖ್ಯ ಅನಿಸುವುದು ನಾಲಿಗೆಯ ಸ್ಪರ್ಶ ನೋಡಿಕೊಳ್ಳುವ ಲಿಂಗ್ವಲ್ ನರ. ಬುದ್ಧಿ ಹಲ್ಲಿನ ಒಳಬದಿಯಲ್ಲಿ, ವಸಡಿನ ಅಡಿಯಲ್ಲೇ ನಾಲಿಗೆಯತ್ತ ಹೋಗುತ್ತದೆ. ಮೂಳೆಯೊಳಗೆ ಇಲ್ಲದ್ದರಿಂದ ಈ ಸ್ಕ್ಯಾನ್‌ಗಳಲ್ಲಿ ಕಾಣುವುದಿಲ್ಲ. ಅದಕ್ಕೇ ಸರ್ಜನ್ ಹಿಂಭಾಗದ ಕುಯ್ತವನ್ನು ಕೆನ್ನೆಯ ಕಡೆಗೆ ಓರೆ ಮಾಡುತ್ತಾರೆ.

ಸ್ಕ್ಯಾನ್ ಆದ ಮೇಲೆ ಕಾಲುವೆ ಎಲ್ಲಿದೆ ಎಂದು ತೋರಿಸಲು ಡಾಕ್ಟರನ್ನು ಕೇಳಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಆಮೇಲೆ.